ನನ್ನ ಮನೆ, ಅವಳ ನಂಬರು

ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಸುಳ್ಳು ಹೇಳಿ ಶುರು ಮಾಡುವುದಿಲ್ಲ. ಇತ್ತು, ಈಗಲೂ ಇದೆ. ಬೆಳಿಗ್ಗೆ ಮುಖ ತೊಳೆಯುವಾಗ ಸ್ವಲ್ಪ ಕಡಿಮೆ ಇರುತ್ತದೆ, ತಿಂಡಿ ಆಗುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ. ಯಾರ ಮೇಲೆ ಎಂದರೆ ನನ್ನ ತಮ್ಮ ರತ್ನಾಕರನ ಹೆಂಡತಿ ತೃಷಾಳ ಮೇಲೆ. ಯಾವುದರ ದೆಸೆಯಿಂದ ಎಂದರೆ ಒಂದು ಜಿಎಸ್‌ಟಿ ನಂಬರಿನ ದೆಸೆಯಿಂದ. ಕೇಳಿದವರು ನಗುತ್ತಾರೆ. ನಗಲಿ, ಅವರ ಅಡುಗೆಯನ್ನು ಯಾರೂ ಪ್ಯಾಕೆಟ್ ಮಾಡಿ ಮಾರಿಲ್ಲ.

ಕುಂದಾಪುರದ ಹತ್ತಿರ ಹೆಮ್ಮಾಡಿಯಲ್ಲಿ ಹೈವೇಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಮ್ಮದು ಅಂದರೆ ನನ್ನದು. ನಾವು ಅಳಿಯಸಂತಾನದವರು, ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅಮ್ಮ ತೀರಿಕೊಂಡ ಮೇಲೆ ಪಾಲುಪಟ್ಟಿಯಲ್ಲಿ ಮನೆ, ಹಿತ್ತಿಲು ಹರಿಣಾಕ್ಷಿ ಎಂಬ ನನ್ನ ಹೆಸರಿಗೆ ಬಂತು, ಗದ್ದೆ ರತ್ನಾಕರನಿಗೆ ಹೋಯಿತು. ಆದರೆ ಯಜಮಾನಿಕೆ ಗಂಡಸಿನದ್ದೇ. ಮೊದಲು ನಮ್ಮ ಸೋದರಮಾವ ಯಜಮಾನ, ಈಗ ತಮ್ಮ. ಮದುವೆ ಕಾಗದದಲ್ಲಿ ಅವನ ಹೆಸರು, ಪಂಚಾಯತಿಗೆ ತೆರಿಗೆ ಕಟ್ಟುವವನು ಅವನು, ಪೋಸ್ಟಿನವನು ಸಹಿಗೆ ಕೂಗುವುದೂ ಅವನನ್ನೇ. ಗಂಡ ಹೋಗಿ ಒಂಬತ್ತು ವರ್ಷವಾದ, ಮಕ್ಕಳಿಲ್ಲದ ನಾನು ಅದಕ್ಕೆ ಎಂದೂ ತಕರಾರು ಎತ್ತಿದವಳಲ್ಲ. ಮನೆ ನನ್ನದು, ಮಾತು ಅವನದು ಎಂದು ಎಲ್ಲರಂತೆ ನಾನೂ ಒಪ್ಪಿಕೊಂಡೇ ಇದ್ದೆ.

ರತ್ನಾಕರ ಮುಂಬಯಿ ಕಡೆಯ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದ. ಕೊರೊನಾದ ವರ್ಷ ಅದನ್ನು ಮುಚ್ಚಿ ಹೆಂಡತಿಯ ಜೊತೆ ಊರಿಗೆ ಬಂದ. ತೃಷಾ ಹುಟ್ಟಿದ್ದೂ ಬೆಳೆದದ್ದೂ ಮುಂಬಯಿಯಲ್ಲಿ, ಅವಳ ಕುಂದಾಪ್ರ ಕನ್ನಡದಲ್ಲಿ ನಾಲ್ಕು ಮಾತಿಗೊಂದು ಹಿಂದಿ. ಬಂದ ಹೊಸತರಲ್ಲಿ ಕೊತ್ತಂಬರಿ ಹುರಿದದ್ದು ಸಾಕಾ ಎಂದು ಕೇಳಲು ಬಿಸಿ ಬಾಣಲೆಯನ್ನೇ ಎತ್ತಿಕೊಂಡು ಅಂಗಳದವರೆಗೆ ನನ್ನ ಹತ್ತಿರ ಬರುತ್ತಿದ್ದಳು. ನನಗೆ ಖುಷಿಯಾಗುತ್ತಿತ್ತು. ಕೋಳಿಸಾರಿನ ಮಸಾಲೆ ಹುಡಿಗೆ ನಮ್ಮ ಕುಟುಂಬದಲ್ಲಿ ನನ್ನ ಕೈ ಎಂದರೆ ಕೈ. ಮದುವೆ, ಸೀಮಂತ ಯಾವುದಿದ್ದರೂ ಎರಡು ದಿನ ಮುಂಚೆ ನನಗೆ ಫೋನ್ ಬರುತ್ತಿತ್ತು. ಅಂಥವಳ ಹಿಂದೆ ಮುಂಬಯಿಯ ಹೆಣ್ಣೊಬ್ಬಳು ಬಾಣಲೆ ಹಿಡಿದು ಓಡಾಡಿದರೆ ಯಾರಿಗೆ ಹಿತ ಆಗುವುದಿಲ್ಲ ಹೇಳಿ.

ಒಂದು ಮಧ್ಯಾಹ್ನ ಅವಳು ಪುಟ್ಟ ತಕ್ಕಡಿ ತಂದು ಒಲೆಯ ಪಕ್ಕ ಇಟ್ಟಳು. ಗುಂಡಿ ಒತ್ತಿದರೆ ಕೆಂಪು ಅಂಕಿ ಉರಿಯುವಂಥದ್ದು. ನಾನು ಮುಷ್ಟಿ ತುಂಬ ಕೊತ್ತಂಬರಿ ತೆಗೆದು ಬಾಣಲೆಗೆ ಹಾಕಲು ಹೋದರೆ ಕೈ ಹಿಡಿದಳು.

"ಅತ್ಗಿ, ಬಾಣ್ಲಿಗ್ ಬ್ಯಾಡ, ಇದ್ರ್ ಮೇಲ್ ಹಾಕಿ. ಇನ್ನೊಂದ್ ಸಲ ತೆಗೀರಿ, ತೂಕ ಕಾಂತೆ."

ಒಂದೊಂದು ಸಾಮಾನಿಗೆ ಮೂರು ಮೂರು ಸಲ ನನ್ನಿಂದ ಮುಷ್ಟಿ ತೆಗೆಸಿದಳು, ಮೆಂತೆಯನ್ನು ಚಿಟಿಕೆ ಚಿಟಿಕೆಯಾಗಿ ತೂಗಿದಳು. ಮೂರನ್ನೂ ಕೂಡಿಸಿ ಭಾಗಿಸಿ ಮೊಬೈಲಿನಲ್ಲಿ ಬರೆದುಕೊಂಡಳು. ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಎಷ್ಟು ಹೊತ್ತು ಬಾಡಿಸಬೇಕೆಂದು ಗಡಿಯಾರ ನೋಡಿ ಗುರುತು ಮಾಡಿದಳು. ನಾನು ದೊಡ್ಡ ಕಲಾವಿದೆಯ ಹಾಗೆ ಬೀಗುತ್ತಾ ಕೂತಿದ್ದೆ. ನನ್ನ ಕೈಯನ್ನು ಅವಳು ಗ್ರಾಂ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಿದ್ದಾಳೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ಪ್ಯಾಕೆಟ್ ಶುರುವಾಯಿತು. ಮೊದಲು ವಾಟ್ಸಾಪಿನಲ್ಲಿ ಅವಳ ಪರಿಚಯದವರಿಗೆ, ಮತ್ತೆ ಕುಂದಾಪುರದ ಎರಡು ಅಂಗಡಿಗೆ. ದನ ಕಟ್ಟುತ್ತಿದ್ದ ನಮ್ಮ ಹಟ್ಟಿ ಖಾಲಿ ಬಿದ್ದಿತ್ತು. ಅದಕ್ಕೆ ಟೈಲ್ಸ್ ಹಾಕಿಸಿ ಹುಡಿ ಮಾಡುವ ಮೆಷಿನ್ ತಂದಿಟ್ಟಳು. ಹುರಿಯುವುದು ನಾನೇ, ದಿನಾ ಬೆಳಿಗ್ಗೆ, ಅಭ್ಯಾಸಕ್ಕೆ ಎಂಬಂತೆ. ಪ್ಯಾಕೆಟ್ಟಿನ ಮೇಲೆ ಮಾತ್ರ ಕೆಂಪು ಅಕ್ಷರದಲ್ಲಿ 'ತೃಷಾ ಮಸಾಲೆ'. ಅದನ್ನು ಮೊದಲ ಸಲ ನೋಡಿದಾಗ ಚೆಂದ ಉಂಟು ಎಂದೆ. ಇನ್ನೇನು ಹೇಳಬೇಕಿತ್ತು, ನನ್ನ ಹೆಸರು ಹಾಕು ಎಂದು ಬಾಯಿ ಬಿಟ್ಟು ಕೇಳುವುದಾ?

ಹೊಟ್ಟೆಗೆ ಬೆಂಕಿ ಬಿದ್ದದ್ದು ತ್ರಾಸಿಯ ಒಂದು ನಿಶ್ಚಿತಾರ್ಥದಲ್ಲಿ. ಅಲ್ಲಿ ಹೈವೇ ಪಕ್ಕ ಬಾಡಿಗೆ ಕೋಣೆಗಳ ಕಟ್ಟಡ ಇಟ್ಟುಕೊಂಡಿರುವ ಕಮಲ ನನಗೆ ದೂರದ ಸಂಬಂಧ. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಳು.

"ಹ್ವಾಯ್ ಹರಿಣಾಕ್ಷಕ್ಕ, ನಿಮ್ಮನಿ ತೃಷಾನ ಮಸಾಲಿ ಹುಡಿ ಒಂದ್ ಪ್ಯಾಕೆಟ್ ಇದ್ರೆ ಕೋಳಿಸಾರ್ ತನ್ನಿಂದ್ ತಾನೇ ಆತ್ತ್ ಕಾಣ್. ಎಂತಾ ಕೈ ಅವ್ಳದ್. ನಿಂಗಿನ್ನ್ ಅಡಿಗಿ ತಲೆಬಿಸಿ ಇಲ್ಲೆ."

ನಾನು ಎಲೆಯಲ್ಲಿದ್ದ ಕೋಳಿಯನ್ನು ಮುಟ್ಟಲಿಲ್ಲ. ಅವಳ ಕೈಯಂತೆ. ಎಲ್ಲರ ಮುಂದೆ ಅದು ನನ್ನ ಕೈ ಎಂದು ಎದ್ದು ನಿಂತು ಹೇಳಲಾ ಎನಿಸಿತು. ಎಲೆ ಮಡಚಿ ಕೈ ತೊಳೆಯಲು ಹೋದೆ. ಆ ವರ್ಷ ಸೀಮಂತಕ್ಕೆ, ಮದುವೆಗೆ ನನಗೆ ಬರುತ್ತಿದ್ದ ಫೋನ್ ಒಂದೊಂದಾಗಿ ನಿಂತಿತು. ಬೇಕಾದವರು ಪ್ಯಾಕೆಟ್ ಕೊಂಡುಹೋಗುತ್ತಿದ್ದರು.

ಹೀಗಿರುವಾಗ ಮುಂಬಯಿಯ ಘಾಟ್ಕೋಪರಿನಿಂದ ಒಂದು ಅಂಗಡಿಯವರು ತಿಂಗಳು ತಿಂಗಳೂ ಹುಡಿ ಬೇಕೆಂದರು. ತೃಷಾ ಕುಂದಾಪುರದಲ್ಲಿ ತೆರಿಗೆ ಕಾಗದಪತ್ರ ನೋಡಿಕೊಳ್ಳುವ ಮಧುಸೂದನ ಹೊಳ್ಳರ ಹತ್ತಿರ ಹೋದಳು. ಇಲ್ಲೇ ಮಾರುವುದಾದರೆ ಇಷ್ಟು ಸಣ್ಣ ವ್ಯಾಪಾರಕ್ಕೆ ಸದ್ಯ ಏನೂ ಬೇಡ, ರಾಜ್ಯದ ಗಡಿ ದಾಟಿಸುವುದಾದರೆ ಜಿಎಸ್‌ಟಿ ನಂಬರ್ ಇಲ್ಲದೆ ಆಗುವುದಿಲ್ಲ ಎಂದರು ಅವರು. ಪ್ಯಾನ್ ಕಾರ್ಡು, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ಕು. ಜೊತೆಗೆ ವ್ಯಾಪಾರ ನಡೆಯುವ ಜಾಗದ ತೆರಿಗೆ ರಶೀದಿ, ಆ ಜಾಗದ ಮಾಲಕರ ಒಪ್ಪಿಗೆ ಪತ್ರ.

ನನಗೆ ಇದೆಲ್ಲ ಗೊತ್ತಾದದ್ದು ರತ್ನಾಕರ ನನ್ನ ಕಪಾಟಿನ ಮುಂದೆ ನಿಂತು ರಶೀದಿ ಕೇಳಿದಾಗ.

"ಎಂತಕೆ?" ಎಂದೆ.

"ತೃಷಾಳ ನಂಬ್ರಿಗೆ. ಒಪ್ಗಿ ಪತ್ರ ನಾನ್ ಬರ್ದ್ ಕೊಟ್ಟಾಯ್ತ್."

ರಶೀದಿ ಕೊಟ್ಟೆ. ಮನೆ ನನ್ನ ಹೆಸರಲ್ಲಿರುವಾಗ ಇವನು ಒಪ್ಪಿಗೆ ಕೊಡುವುದು ಹೇಗೆ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಸಹಿ ಎಂದರೆ ಅವನದು, ಅಷ್ಟೇ. ಹೊಳ್ಳರು ಕೂಡ ರತ್ನಾಕರ ಶೆಟ್ಟಿ ಎಂದರೆ ಆ ಮನೆಯ ಯಜಮಾನ ಎಂದು ಸೀದಾ ಕಳಿಸಿಬಿಟ್ಟರು. ಕಂಪ್ಯೂಟರಿಗೆ ಯಜಮಾನಿಕೆ ಗೊತ್ತಿಲ್ಲ. ಹತ್ತು ದಿನ ಕಳೆದ ಮೇಲೆ ಇಲಾಖೆಯಿಂದ ಪ್ರಶ್ನೆ ಬಂತು: ರಶೀದಿಯಲ್ಲಿರುವ ಮಾಲಕರೇ ಬೇರೆ, ಒಪ್ಪಿಗೆ ಕೊಟ್ಟವರೇ ಬೇರೆ. ಏಳು ಕೆಲಸದ ದಿನದೊಳಗೆ ಸರಿಯಾದ ಉತ್ತರ ಕೊಡಬೇಕು, ಇಲ್ಲವಾದರೆ ಅರ್ಜಿ ತಿರಸ್ಕಾರ.

ರತ್ನಾಕರ ಛಾಪಾ ಕಾಗದ ತಂದು ನನ್ನ ಮುಂದಿಟ್ಟ. "ಅಕ್ಕ, ಇಲ್ಲೊಂದ್ ಸಹಿ ಹಾಕ್ ಕಾಂಬ."

ಜೀವಮಾನದಲ್ಲಿ ಮೊದಲ ಸಲ ಆ ಮನೆಯಲ್ಲಿ ನನ್ನ ಸಹಿ ಬೇಕಾಗಿತ್ತು. ಅದೂ ಯಾವುದಕ್ಕೆ, ನನ್ನ ಹುಡಿಗೆ ಅವಳ ಹೆಸರಲ್ಲಿ ಸರ್ಕಾರಿ ನಂಬರ್ ಕೊಡಿಸಲಿಕ್ಕೆ. ಮೈಯೆಲ್ಲ ಉರಿಯಿತು, ಅದರೊಟ್ಟಿಗೆ ಸಣ್ಣದೊಂದು ಸಂತೋಷವೂ ಆಯಿತು. ಈಗ ಇವರು ನನ್ನ ಬಾಗಿಲಿಗೆ ಬರಲೇಬೇಕು.

"ಕನ್ನಡಕ ಕಾಂತಿಲ್ಲೆ. ನಾಳೆ ಹಾಕ್ತೆ," ಎಂದೆ.

ಮರುದಿನ ಮಂಗಳವಾರ, ಮಂಗಳವಾರ ಸಹಿ ಹಾಕುವುದಿಲ್ಲ ಎಂದೆ. ಬುಧವಾರ ಕೈ ನೋವು. ಗುರುವಾರ ಓದದೆ ಹಾಕುವುದಿಲ್ಲ, ಓದಿ ನೋಡುತ್ತೇನೆ ಎಂದು ಕಾಗದವನ್ನು ದಿಂಬಿನಡಿ ಇಟ್ಟುಕೊಂಡೆ. ರತ್ನಾಕರ ಗೊಣಗಿದ. ಅವನ ಗೊಣಗಾಟ ನನಗೆ ಬೇಕಿರಲಿಲ್ಲ. ತೃಷಾ ಬಂದು ಒಂದು ಸಲ ದಮ್ಮಯ್ಯ ಅತ್ತಿಗೆ ಎನ್ನಲಿ, ಇದು ನಿಮ್ಮದೇ, ನನಗೆ ಗೊತ್ತು ಎನ್ನಲಿ, ಆ ಕ್ಷಣ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಷರತ್ತು ಹಾಕಿಕೊಂಡಿದ್ದೆ. ಅವಳು ಬರಲಿಲ್ಲ. ಬೆಳಿಗ್ಗೆ ಎದ್ದು ಮೆಣಸಿನ ತೊಟ್ಟು ಮುರಿದಳು, ಪ್ಯಾಕೆಟ್ ಅಂಟಿಸಿದಳು, ಫೋನಿನಲ್ಲಿ ಹಿಂದಿಯಲ್ಲಿ ನಕ್ಕಳು. ಕಾಗದದ ವಿಷಯವೇ ಎತ್ತಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಹುರಿಯುತ್ತಿದ್ದವಳು ತಿರುಗಿ ಕೇಳಿದೆ.

"ಪ್ಯಾಕೆಟ್ಟಿಗೆ ನಿನ್ ಹೆಸ್ರೇ ಎಂತಕೆ ಇಟ್ಟದ್?"

ಅವಳು ಅಂಟಿಸುವುದನ್ನು ನಿಲ್ಲಿಸಲಿಲ್ಲ. "ಒಂದ್ ಹೆಸ್ರ್ ಬೇಕಿತ್ತಲೆ ಅತ್ಗಿ. ತೋರ್ಸ್‌ದಾಗ ನೀವೇ ಚೆಂದ ಇತ್ತ್ ಅಂದ್ರಿ. ನಿಮ್ದ್ ಹಾಕ್ ಅಂದೇಳಿ ನೀವ್ ಹೇಳ್ಲೇ ಇಲ್ಯಲೆ."

ಸರಿಯಾಗಿಯೇ ಹೇಳಿದಳು. ಸರಿಯಾಗಿ ಹೇಳಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಐದನೆಯ ದಿನ ಶುಕ್ರವಾರ. ಗಂಡ ಹೆಂಡತಿ ಪ್ಯಾಕೆಟ್ ಮುದ್ರಿಸುವವರನ್ನು ನೋಡಲು ಬ್ರಹ್ಮಾವರಕ್ಕೆ ಹೋಗಿದ್ದರು. ನಾನು ಒಬ್ಬಳೇ ಹಟ್ಟಿಯಲ್ಲಿ ಕೊತ್ತಂಬರಿ ಹುರಿಯುತ್ತಿದ್ದೆ. ಅಂಗಳದಲ್ಲಿ ಬೈಕ್ ನಿಂತ ಸದ್ದಾಯಿತು. ಕುತ್ತಿಗೆಗೆ ಗುರುತಿನ ಕಾರ್ಡು ಹಾಕಿಕೊಂಡ, ಬಯಲುಸೀಮೆ ಕಡೆಯ ಮಾತಿನ ಒಬ್ಬ ಅಧಿಕಾರಿ. ಜಾಗದ ಕಾಗದ ತಾಳೆಯಾಗದ ಕಾರಣ ಸ್ವತಃ ನೋಡಿಹೋಗಲು ಬಂದಿದ್ದರು.

"ಅಮ್ಮಾ, ಇಲ್ಲಿ ಮಸಾಲಿ ಪುಡಿ ವ್ಯಾಪಾರ ನಡೀತದೇನ್ರಿ?"

ಇಂಥವರು ಬಂದರೆ ಏನು ಹೇಳಬೇಕೆಂದು ನಾನು ಅಷ್ಟರಲ್ಲಿ ಯೋಚಿಸಿ ಇಟ್ಟಿದ್ದೆ. ನನಗೇನೂ ಗೊತ್ತಿಲ್ಲ, ಮನೆ ನನ್ನದು, ವ್ಯಾಪಾರ ಯಾರದೋ ಎಂದು ಕೈ ತೊಳೆದುಕೊಳ್ಳುವುದು. ಅಷ್ಟು ಹೇಳಿದರೆ ಅರ್ಜಿಯ ಕಥೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಹಟ್ಟಿಯ ಬಾಗಿಲಲ್ಲಿ ನಿಂತು ಉದ್ದಕ್ಕೆ ಉಸಿರೆಳೆದು, "ಎಷ್ಟು ಚಂದ ವಾಸನಿ ಬರ್ತದಲ್ರಿ. ಯಾರ್ ಹುರೀತಾರ ಇದನ್ನ?" ಎಂದು ಕೇಳಿಬಿಟ್ಟರು.

ತೃಷಾ ಎಂಬ ಹೆಸರು ನನ್ನ ನಾಲಗೆಯ ಮೇಲೆ ಬರಲಿಲ್ಲ.

"ನಾನು," ಎಂದೆ.

"ಇಷ್ಟಿಷ್ಟು ಹಾಕಬೇಕಂತ ಲೆಕ್ಕ ಯಾರದು?"

"ನಂದೇ. ನಮ್ಮ ಅಮ್ಮ ಕಲಿಸಿದ್ದು."

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಅವರನ್ನು ಒಳಗೆ ಕರೆದು ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ. ಬ್ಯಾಡಗಿ ಮೆಣಸಿನಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಮುರಿದು ತೋರಿಸಿದೆ. ಮೆಂತೆಯನ್ನು ಪೂರ್ತಿ ಕೆಂಪಾಗುವ ಮೊದಲೇ ಒಲೆಯಿಂದ ಇಳಿಸಬೇಕು, ಉಳಿದದ್ದು ಬಾಣಲೆಯ ಬಿಸಿಯಲ್ಲೇ ಆಗುತ್ತದೆ, ಅದು ತಿಳಿಯದವರ ಹುಡಿ ಕಹಿ ಎಂದೆ. ಮೆಣಸು ಯಾರು ತರಿಸುತ್ತಾರೆ ಎಂದರು, ನಾನು ಎಂದೆ. ಯಾರಿಗೆ ಮಾರಬೇಕೆಂದು ತೀರ್ಮಾನ ಯಾರದು ಎಂದರು, ನಂದೇ ಎಂದೆ. ಅದು ಶುದ್ಧ ಸುಳ್ಳು, ನಾನು ಜನ್ಮದಲ್ಲಿ ಒಂದು ಪ್ಯಾಕೆಟ್ ಮಾರಿದವಳಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಿಜ ಎನಿಸಿತು. ಮೆಷಿನ್ನಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಸೆರಗು ಸರಿ ಮಾಡಿಕೊಂಡು ನಿಂತೆ.

ಅವರು ಒಂದು ಕಾಗದದಲ್ಲಿ ನಾನು ಹೇಳಿದ್ದನ್ನೆಲ್ಲ ಬರೆದು, ಓದಿ ಹೇಳಿ, ಕೆಳಗೆ ಸಹಿ ಹಾಕಿ ಎಂದರು. ಕನ್ನಡಕ ಹುಡುಕಲಿಲ್ಲ, ವಾರ ನೋಡಲಿಲ್ಲ. ತಮ್ಮನಿಗೆ ಐದು ದಿನ ಕೊಡದ ಸಹಿಯನ್ನು ಐದು ನಿಮಿಷದಲ್ಲಿ ಗುರುತಿಲ್ಲದವರಿಗೆ ಹಾಕಿ ಕೊಟ್ಟೆ. ಹೋಗುವಾಗ ಅವರು, "ಮತ್ತ ಅರ್ಜಿ ಇನ್ನೊಬ್ಬರ ಹೆಸರಿಗೆ ಯಾಕ ಅದ?" ಎಂದು ಕೇಳಿದರು. ಆ ಪ್ರಶ್ನೆ ಕೇಳಲು ಕೊನೆಗೂ ಒಬ್ಬರು ಹುಟ್ಟಿದರಲ್ಲ ಎಂದು ತೃಪ್ತಿಯಿಂದ ಬಾಗಿಲು ಎಳೆದುಕೊಂಡೆ.

ತೃಪ್ತಿ ಸಂಜೆಯವರೆಗೆ ಉಳಿಯಿತು. ಹೊಳ್ಳರ ಫೋನ್ ಬಂತು. ರತ್ನಾಕರ ಜಗಲಿಯಲ್ಲಿ ನಿಂತು ಕೇಳಿಸಿಕೊಂಡವನು ಒಳಗೆ ಬಂದಾಗ ಮುಖ ಕಪ್ಪಿಟ್ಟಿತ್ತು.

"ಅಕ್ಕ, ನಿಂಗ್ ತಲಿ ಸಮ ಇತ್ತಾ? ವ್ಯಾಪಾರ ಮಾಡುದ್ ನೀನಂಬ್ರ್, ತೃಷಾ ಬರೀ ಹೆಸ್ರಿಗಂಬ್ರ್. ಹೀಂಗೆ ಬರ್ಸಿ ಸಹಿ ಹಾಕ್ತ್ರಾ ಯಾರಾರೂ? ಬೇರೆಯವ್ರ್ ಹೆಸ್ರಲ್ ವ್ಯಾಪಾರ ಅಂದೇಳಿ ಬರ್ದ್‌ಕಂಡ್ ಹೋಯ್ರ್. ಅರ್ಜಿ ಬಿದ್ದೋತ್ತ್ ಈಗ."

ನಾನು ಹೇಳಿದ್ದು ಅಷ್ಟು ದೂರ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ ಎಂದರೆ ಅರ್ಧ ಸುಳ್ಳು. ಅರ್ಜಿ ಬೀಳಲಿ ಎಂದು ನನಗೆ ಇತ್ತು. ಆದರೆ ಅದು ತಾನಾಗಿ ಬೀಳಬೇಕಿತ್ತು, ನನ್ನ ಕೈಯಿಂದ ಬಿದ್ದದ್ದು ಹೀಗೆ ಹಾಳೆಯಲ್ಲಿ ಕಾಣಬಾರದಿತ್ತು. ತೃಷಾಳ ಕಡೆ ನೋಡಿದೆ. ಅವಳು ಬ್ರಹ್ಮಾವರದಿಂದ ತಂದ ಹೊಸ ಪ್ಯಾಕೆಟ್ಟಿನ ನಮೂನೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ನಂಬರ್ ಬಂದ ಮೇಲೆ ಅಚ್ಚು ಹಾಕಲೆಂದು ಪ್ರತಿ ನಮೂನೆಯ ಕೆಳಗೆ ಜಾಗ ಖಾಲಿ ಬಿಡಿಸಿದ್ದಳು. ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೂ ಬಾಯಿ ಇತ್ತು.

ಒಂದೇ ದಾರಿ ಉಳಿದಿದೆ ಎಂದರಂತೆ ಹೊಳ್ಳರು. ನಾನು ಹೋಗಿ ಒಂದು ಪ್ರಮಾಣಪತ್ರ ಬರೆದುಕೊಡಬೇಕು: ವ್ಯಾಪಾರ ತೃಷಾಳದ್ದು, ನಾನು ಮನೆಯವಳಾಗಿ ಕೈ ಜೋಡಿಸುತ್ತೇನೆ, ಅಷ್ಟೇ. ಅದರ ಜೊತೆಗೆ ಜಾಗದ ಒಪ್ಪಿಗೆ ಪತ್ರ. ಎರಡು ಕೆಲಸದ ದಿನ ಉಳಿದಿತ್ತು. ರಾತ್ರಿಯೆಲ್ಲ ಹೊರಳಾಡಿ ಬರೆಯುವುದು ಎಂದು ತೀರ್ಮಾನಿಸಿದೆ. ದೊಡ್ಡ ಮನಸ್ಸಿನಿಂದ ಎಂದು ತಿಳಿಯಬೇಡಿ. ಕುಟುಂಬದವರ ಬಾಯಿಗೆ ಬೀಳುವ ಹೆದರಿಕೆಯಿಂದ.

ಸೋಮವಾರ ಮೂವರೂ ಹೋದೆವು. ಹೊಳ್ಳರ ಆಫೀಸು ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ, ಮೆಡಿಕಲ್ ಅಂಗಡಿಯೊಂದರ ಮಹಡಿಯಲ್ಲಿ. ಹೊಳ್ಳರು ನನಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಅಧಿಕಾರಿಗಳಿಗೆ ಸಂಶಯ ಬಾರದಿರಲು ಸ್ವಂತ ಕೈಬರಹದಲ್ಲೇ ಇರಲಿ ಎಂದು ಬಿಳಿ ಹಾಳೆ ಕೊಟ್ಟರು.

"ಹೇಳ್ತೆ, ಬರೀರಿ ಹರಿಣಾಕ್ಷಮ್ಮ. ಮೇಲ್ಕಂಡ ವಿಳಾಸದ ಮನೆಯು ನನ್ನ ಹೆಸರಿನಲ್ಲಿರುತ್ತದೆ."

ಬರೆದೆ. ದುಂಡಗೆ, ಚೆಂದಕ್ಕೆ.

"ಅದರಲ್ಲಿ ಮಸಾಲೆ ಹುಡಿ ವ್ಯಾಪಾರ ನಡೆಸಲು ನನ್ನ ತಮ್ಮನ ಹೆಂಡತಿಗೆ ಒಪ್ಪಿಗೆ ನೀಡಿರುತ್ತೇನೆ."

ಅದನ್ನೂ ಬರೆದೆ. ನೀಡಿರುತ್ತೇನೆ ಎಂದು ಬರೆಯುವಾಗ ಒಳಗೆ ಸ್ವಲ್ಪ ತಂಪಾಯಿತು, ಕೊಡುವವಳು ನಾನು ಎಂಬ ಕಾರಣಕ್ಕೆ.

"ಸದರಿ ವ್ಯಾಪಾರದಲ್ಲಾಗಲಿ, ಸದರಿ ಮಸಾಲೆಯಲ್ಲಾಗಲಿ ನನಗೆ ಯಾವುದೇ ಹಕ್ಕು ಇರುವುದಿಲ್ಲ."

'ಸದರಿ ಮಸಾಲೆಯಲ್ಲಾಗಲಿ' ಎಂಬಲ್ಲಿಗೆ ಪೆನ್ನು ನಿಂತಿತು. ಹೊಳ್ಳರು ಕಾದರು, ಇನ್ನೊಮ್ಮೆ ಹೇಳಿದರು. ರತ್ನಾಕರ ಗಂಟಲು ಸರಿಮಾಡಿದ. ನನಗೆ, ಅವರಿಗೆಲ್ಲ, ಕೆಳಗಿನ ಮೆಡಿಕಲ್ ಅಂಗಡಿಯವನಿಗೂ ಗೊತ್ತು, ಇನ್ನು ನಾಲ್ಕು ಶಬ್ದ ಬರೆದರೆ ಎಲ್ಲ ಸರಿಯಾಗುತ್ತದೆ. ಅಮ್ಮ ನನ್ನ ಕೈ ಹಿಡಿದು ಮುಷ್ಟಿಯ ಅಳತೆ ಕಲಿಸಿದ್ದು ನೆನಪಾಯಿತು ಎಂದರೆ ನೀವು ನನ್ನನ್ನು ಕ್ಷಮಿಸಬಹುದು. ಆದರೆ ಆಗ ನೆನಪಾದದ್ದು ಅಮ್ಮ ಅಲ್ಲ. ನೆನಪಾದದ್ದು ತ್ರಾಸಿಯ ಊಟದ ಸಾಲು, ಎಂತಾ ಕೈ ಅವ್ಳದ್ ಎಂದ ಕಮಲ. ನನ್ನ ಕೈ ಹಾಳೆಯ ಮೇಲೆ ಇದ್ದಲ್ಲೇ ಇತ್ತು, ಸರಿಯಲಿಲ್ಲ. ತೃಷಾ ಈಗಲಾದರೂ ನನ್ನ ಕಾಲಿಗೆ ಬೀಳಲಿ ಎಂದು ಆಗಲೂ ಕಾದೆ.

ತೃಷಾ ಎದ್ದು ಬಂದು ನನ್ನ ಬೆರಳುಗಳ ಅಡಿಯಿಂದ ಹಾಳೆಯನ್ನು ಎಳೆದುಕೊಂಡಳು.

"ಸಾಕ್ ಅತ್ಗಿ. ಬರಿಯುದ್ ಬ್ಯಾಡ."

"ಬರೀತ್ರ್ ಮಾರಾಯ್ತಿ, ಒಂಚೂರ್ ತಡಿ," ಎಂದ ರತ್ನಾಕರ.

"ಬ್ಯಾಡ. ಅದ್ ಸುಳ್ಳಾತ್ತ್. ಹಕ್ಕಿಲ್ಲೆ ಅಂದೇಳಿ ಅವ್ರ್ ಕೈಯಗೇ ಬರ್ಸ್ಕಂಡ್ ನಾನ್ ಆ ಹುಡಿ ಹ್ಯಾಂಗ್ ಮಾರುದ್?" ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಮತ್ತೆ ಹೊಳ್ಳರ ಕಡೆ ತಿರುಗಿದಳು. "ಈ ಅರ್ಜಿ ಬೀಳ್ಲಿ ಹೊಳ್ರೆ. ಬೇರೆ ಜಾಗ ಕಂಡ್ಕಂಡ್ ಬತ್ತೆ, ಹೊಸ್ತ್ ಹಾಕುವ. ಒಬ್ರ್ ಮನ್ಸ್ ಬಂದಾಗ ಇಪ್ಪುದ್, ಬಾರದಾಗ ಇಲ್ದಿಪ್ಪುದ್, ಆ ಅಡ್ರೆಸ್ಸಿಗ್ ನಂಗ್ ನಂಬ್ರ್ ಬ್ಯಾಡ."

ನನ್ನ ಮುಖ ನೋಡಿ ಹೇಳಲಿಲ್ಲ. ಸಿಟ್ಟಿನ ಸ್ವರದಲ್ಲೂ ಹೇಳಲಿಲ್ಲ. ಬಸ್ಸಿನ ಹೊತ್ತು ಕೇಳುವ ಹಾಗೆ ಹೇಳಿದಳು. ವಾಪಸು ಬರುವಾಗ ಕಾರಿನಲ್ಲಿ ನಾನು ಹಿಂದೆ ಕೂತಿದ್ದೆ. ಹೇಳು, ಈಗಲೇ ಹೇಳು, ಬರೆದುಕೊಡುತ್ತೇನೆ ಎಂದು ಹೇಳು ಎಂದು ಹೆಮ್ಮಾಡಿಯವರೆಗೂ ನನಗೆ ನಾನೇ ಹೇಳಿಕೊಂಡೆ. ಮನೆ ಬಂತು, ಇಳಿದೆ.

ಜಾಗ ಕೊಟ್ಟವಳು ಕಮಲ. ತ್ರಾಸಿಯ ಅವಳ ಕಟ್ಟಡದಲ್ಲಿ ಒಂದು ಕೋಣೆ ಖಾಲಿ ಇತ್ತು. ಬಾಡಿಗೆ ಕರಾರು, ಒಪ್ಪಿಗೆ ಪತ್ರ, ತೆರಿಗೆ ರಶೀದಿ ಎಲ್ಲವನ್ನೂ ಅವಳು ಒಂದೇ ಮಧ್ಯಾಹ್ನದಲ್ಲಿ ಕೊಟ್ಟಳಂತೆ. ನಮ್ಮ ಹಟ್ಟಿಯಿಂದ ಮೆಷಿನ್ನನ್ನು ಟೆಂಪೋಗೆ ಹೇರಿದ ದಿನ ನಾನು ತಲೆನೋವೆಂದು ಮಲಗಿದ್ದೆ. ಘಾಟ್ಕೋಪರಿನವರು ಕಾದರು. ಹನ್ನೆರಡನೆಯ ದಿನ ತೃಷಾಳ ಮೊಬೈಲಿಗೆ ನಂಬರ್ ಬಂತು, ಹದಿನೈದು ಅಕ್ಷರದ್ದು, ಕರ್ನಾಟಕದ ಇಪ್ಪತ್ತೊಂಬತ್ತರಿಂದ ಶುರು. ಹುರಿಯಲು ಅವಳು ತ್ರಾಸಿಯ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ತಕ್ಕಡಿ ಇದೆ, ಗಡಿಯಾರ ಇದೆ, ಯಾರಾದರೂ ಹುರಿಯಬಹುದು. ಹುಡಿ ಕೆಟ್ಟಿತೆಂದು ಯಾರಾದರೂ ಹೇಳುತ್ತಾರೋ ಎಂದು ಎರಡು ತಿಂಗಳು ಕಿವಿ ನೆಟ್ಟು ಕೂತೆ. ಒಬ್ಬರೂ ಹೇಳಲಿಲ್ಲ.

ಈಗ ಗಂಡ ಹೆಂಡತಿ ಬೆಳಿಗ್ಗೆ ಎಂಟಕ್ಕೆ ತ್ರಾಸಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ. ತೃಷಾ ನನ್ನ ಜೊತೆ ಮಾತು ಬಿಟ್ಟಿಲ್ಲ. ಊಟ ಆಯ್ತಾ ಅತ್ತಿಗೆ, ಗುಳಿಗೆ ತಗೊಂಡ್ರಾ ಅತ್ತಿಗೆ. ಒಲೆಯ ಹತ್ತಿರ ಬಂದು ನಿಲ್ಲುವುದಿಲ್ಲ, ಅಷ್ಟೇ. ಮಾತು ಬಿಟ್ಟಿದ್ದರೆ ಜಗಳ ಎಂದಾದರೂ ಹೇಳಬಹುದಿತ್ತು. ನಾನು ಬೈಂದೂರಿಗೆ ಹೋಗುವ ಕೆಲಸ ಹುಡುಕಿಕೊಂಡು ಬಸ್ಸು ಹತ್ತುತ್ತೇನೆ, ಬಲಬದಿಯ ಕಿಟಕಿಗೇ ಕೂರುತ್ತೇನೆ. ತ್ರಾಸಿಯಲ್ಲಿ ಆ ಬೋರ್ಡು ಬರುತ್ತದೆ, ಹೆಸರಿನ ಕೆಳಗೆ ನಂಬರು. ಬಸ್ಸು ದಾಟುವಷ್ಟರಲ್ಲಿ ಓದಿ ಓದಿ ಹದಿನೈದೂ ಬಾಯಿಪಾಠವಾಗಿದೆ. ನನ್ನ ಆಧಾರ್ ನಂಬರ್ ಕೇಳಿದರೆ ಕಾರ್ಡು ತೆಗೆಯಬೇಕು, ಅವಳದ್ದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಹೋದ ಭಾನುವಾರ ಅವರಿಬ್ಬರೂ ಶಂಕರನಾರಾಯಣ ಊರಿನ ಕಡೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಮಧ್ಯಾಹ್ನ ಗೇಟಿನ ಹೊರಗೆ ಒಂದು ಕಾರು ನಿಂತಿತು. ಮುಂದೆ ಕೂತಿದ್ದ ಹೆಂಗಸಿನ ಕೈಯಲ್ಲಿ ಹಳೆಯ ಪ್ಯಾಕೆಟ್ ಒಂದಿತ್ತು. ಅದರ ಹಿಂಬದಿಯಲ್ಲಿ ನಮ್ಮ ಮನೆಯ ವಿಳಾಸ.

"ತೃಷಾ ಮಸಾಲೆ ಮಾಡುವ ಮನೆ ಇದೇ ಅಲ್ವಾ?" ಎಂದು ಆಕೆ ಕೇಳಿದಳು. "ನಾವು ಶಿವಮೊಗ್ಗದಿಂದ ಬಂದದ್ದು. ನೆಂಟರೊಬ್ಬರು ಒಂದು ಪ್ಯಾಕೆಟ್ ಕೊಟ್ಟಿದ್ದರು. ಅಂಥ ಸಾರು ನಮ್ಮ ಮನೆಯಲ್ಲಿ ಎಂದೂ ಆಗಿರಲಿಲ್ಲ."

ಆ ಪ್ಯಾಕೆಟ್ಟಿನಲ್ಲಿದ್ದದ್ದು ನಾನು ಹುರಿದದ್ದು. ತಾರೀಕು ನೋಡಿದರೆ ಗೊತ್ತಾಗುತ್ತದೆ. ನಾನು ಗೇಟಿನ ಸರಳು ಹಿಡಿದು ನಿಂತೆ.

"ಈಗ ಇಲ್ಲಿ ಮಾಡುವುದಿಲ್ಲ," ಎಂದೆ. "ತ್ರಾಸಿಗೆ ಹೋಗಿ. ಹೈವೇ ಪಕ್ಕದಲ್ಲೇ, ಸಮುದ್ರ ಸಿಗುವುದಕ್ಕೆ ಸ್ವಲ್ಪ ಮೊದಲು. ಇವತ್ತು ರಜೆ ಇರಬಹುದು, ಬೋರ್ಡಿನಲ್ಲಿ ಫೋನ್ ನಂಬರ್ ಉಂಟು."

ಆಕೆ ಥ್ಯಾಂಕ್ಸ್ ಹೇಳಿ ಗಾಜು ಏರಿಸಲು ಹೋದವಳು ನಿಲ್ಲಿಸಿದಳು. "ಇಷ್ಟು ದೂರ ಬಂದಿದ್ದೇವೆ, ಅದಕ್ಕೇ ಕೇಳುತ್ತೇನೆ. ಒರಿಜಿನಲ್ ಅದೇ ತಾನೇ? ಬೇರೆ ಯಾರೂ ಮಾಡುವುದಿಲ್ಲವಲ್ಲ?"

ಗೇಟಿನಿಂದ ಹಟ್ಟಿಯ ಬಾಗಿಲು ಕಾಣುತ್ತದೆ. ಚಿಲಕ ಹಾಕಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು, ಒಳಗಿನಿಂದ ಗಂಡ ಬೇಗ ಕೇಳು ಎನ್ನುತ್ತಿದ್ದ.

"ಇಲ್ಲ, ಬೇರೆ ಯಾರೂ ಇಲ್ಲ," ಎಂದೆ. "ಅದೇ ಒರಿಜಿನಲ್."